ಗ್ಯಾಸ್ಟ್ರಿಕ್ ಅಂದುಕೊಂಡದ್ದು

ಇಂಗ್ಲಿಷಿನಲ್ಲಿ ‘ಗ್ಯಾಸ್ಟ್ರಿಕ್’ ಎಂಬುದು ಬರೀ ವಿಶೇಷಣ. ಹೊಟ್ಟೆಗೆ ಸಂಬಂಧಿಸಿದ್ದು ಎಂದಷ್ಟೇ ಅರ್ಥ. ಕನ್ನಡಕ್ಕೆ ಬಂದಮೇಲೆ ಅದೊಂದು ಕಾಯಿಲೆಯೇ ಆಗಿಬಿಟ್ಟಿದೆ. ಹುಳಿತೇಗು ಬಂದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೆ ಗ್ಯಾಸ್ಟ್ರಿಕ್, ತಲೆ ಸಿಡಿದರೂ ಗ್ಯಾಸ್ಟ್ರಿಕ್ಕೇ. ಎದೆ ಬಿಗಿದಾಗಲೂ ಮನೆಯವರ ಬಾಯಿಂದ ಮೊದಲು ಹೊರಡುವುದು ಇದೇ ಮಾತು. ಒಂದು ಲೋಟ ಸೋಡಾ ಬರುತ್ತದೆ, ಜೀರಿಗೆ ಕಷಾಯ ಕುದಿಯುತ್ತದೆ, ಮೆಡಿಕಲ್ ಶಾಪಿನಿಂದ ಯಾರೋ ಮಾತ್ರೆ ತರುತ್ತಾರೆ. ‘ಸ್ವಲ್ಪ ಹೊತ್ತು ಮಲಗು, ಸರಿಹೋಗುತ್ತೆ.’ ಎಷ್ಟೋ ಸಲ ಸರಿಹೋಗುತ್ತದೆ ಕೂಡ. ಅದರಿಂದಲೇ ಮುಂದಿನ ಸಲ ಇನ್ನಷ್ಟು ತಡವಾಗುತ್ತದೆ.

ಈ ಗೊಂದಲಕ್ಕೆ ಜನರನ್ನು ದೂರಿ ಫಲವಿಲ್ಲ, ದೇಹದ ಕಟ್ಟಡವೇ ಹಾಗಿದೆ. ಕಾಲಿಗೆ ಮುಳ್ಳು ಹೊಕ್ಕರೆ ಕಣ್ಣುಮುಚ್ಚಿಕೊಂಡೂ ಜಾಗ ತೋರಿಸಬಹುದು. ಹೃದಯಕ್ಕೆ ಹಾಗೆ ಬೊಟ್ಟುಮಾಡಿ ತೋರಿಸಲು ಬರುವುದಿಲ್ಲ. ಹೃದಯ, ಅನ್ನನಾಳ, ಎಡತೋಳಿನ ಒಳಬದಿ, ಇವುಗಳ ನೋವಿನ ನರಗಳು ಬೆನ್ನುಹುರಿಯಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ಬಂದು ಸೇರುತ್ತವೆ. ಒಂದೇ ಬಾಗಿಲಲ್ಲಿ ಬಂದ ದೂರು ಯಾರದೆಂದು ಮಿದುಳಿಗೆ ತಿಳಿಯದೆ ತೋಳಿನ ಮೇಲೋ ದವಡೆಯ ಮೇಲೋ ಹಾಕುತ್ತದೆ. ಸಾಲದ್ದಕ್ಕೆ ಹೃದಯದ ಕೆಳಗೋಡೆ ಕೂತಿರುವುದು ವಪೆಯ ಮೇಲೆ, ಅದರ ಕೆಳಗೇ ಜಠರ. ಆ ಗೋಡೆಗೆ ರಕ್ತ ನಿಂತಾಗ ಹೊಟ್ಟೆಯ ಮೇಲ್ಭಾಗ ಹಿಂಡಬಹುದು, ಓಕರಿಕೆ ಬರಬಹುದು, ತೇಗೂ ಬರಬಹುದು. ತೇಗು ಬಂತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ.

ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1768ರಲ್ಲಿ ತನ್ನ ಸಹವೈದ್ಯರ ಮುಂದೆ ಒಂದು ವಿಚಿತ್ರ ಎದೆಬೇನೆಯ ಬಗ್ಗೆ ಪ್ರಬಂಧ ಓದಿದ. 1772ರಲ್ಲಿ ಅದು ಅಚ್ಚಾಯಿತು. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಉಂಡ ಕೂಡಲೇ ನಡೆದಾಗ ಎದೆ ಹಿಸುಕಿದಂತಾಗುತ್ತದೆ, ನಿಂತರೆ ಮಾಯವಾಗುತ್ತದೆ. ಅವನು ಅದಕ್ಕಿಟ್ಟ ‘ಅಂಜೈನಾ’ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಹೃದಯದ ರಕ್ತನಾಳ ಕಿರಿದಾಗಿ ಹೀಗಾಗುತ್ತದೆಂಬುದು ಅವನಿಗೆ ಗೊತ್ತಿರಲಿಲ್ಲ. ಆದರೂ ಅವನು ಗಮನಿಸಿದ ‘ಉಂಡ ಕೂಡಲೇ’ ಎಂಬುದನ್ನು ಪ್ರತಿ ಮನೆಯೂ ನೆನಪಿಡಬೇಕು. ಊಟ ಜೀರ್ಣಿಸಲು ಹೃದಯ ಹೆಚ್ಚು ದುಡಿಯಬೇಕು, ಅದರ ಮೇಲೆ ನಡಿಗೆಯೂ ಸೇರಿದರೆ ಕಿರಿದಾದ ನಾಳಕ್ಕೆ ರಕ್ತ ಒದಗಿಸಲಾಗದು. ಊಟದ ಮೇಲೆ ಬಂತು, ಆದ್ದರಿಂದ ಗ್ಯಾಸು ಎಂಬ ತರ್ಕ ಅಲ್ಲಿಗೆ ಮುರಿದುಬೀಳುತ್ತದೆ.

ಹೆಬರ್ಡನ್ ಕಂಡ ಸುಮಾರು ನೂರು ರೋಗಿಗಳಲ್ಲಿ ಹೆಂಗಸರು ಮೂವರೇ. ಕಾಯಿಲೆ ಗಂಡಸರದ್ದೆಂಬ ನಂಬಿಕೆ ಬಹುಶಃ ಅಲ್ಲಿಂದಲೇ ಬೇರುಬಿಟ್ಟಿತು. ಹೆಂಗಸರಲ್ಲೂ ಹೃದಯಾಘಾತದ ಮುಖ್ಯ ಲಕ್ಷಣ ಎದೆನೋವೇ. ಆದರೆ ಅದರ ಜೊತೆಗೆ ಏದುಸಿರು, ವಾಕರಿಕೆ, ದವಡೆ ಇಲ್ಲವೇ ಬೆನ್ನಿನ ನೋವು, ವಿಪರೀತ ಸುಸ್ತು ಹೆಚ್ಚಾಗಿ ಇರುವುದರಿಂದ ‘ಕೆಲಸ ಜಾಸ್ತಿಯಾಯ್ತು’ ಎಂದು ತಳ್ಳಿಹಾಕುವುದು ಸುಲಭ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ನರಗಳೇ ಮಂದವಾಗಿ ನೋವೇ ಇಲ್ಲದೆ ಬರೀ ಬೆವರು, ಉಬ್ಬಸ ಕಾಣಿಸಬಹುದು.

ಹಾಗಾದರೆ ಬೇರೆ ಮಾಡಿ ನೋಡುವುದು ಹೇಗೆ? ವೈದ್ಯರು ರೋಗಿಯ ಮಾತಿನಷ್ಟೇ ಕೈಯನ್ನೂ ನೋಡುತ್ತಾರೆ. ಹೃದಯದ ನೋವಿರುವವರು ಹಲವರು ಮುಷ್ಟಿ ಬಿಗಿದು ಎದೆಯ ನಡುವೆ ಇಡುತ್ತಾರೆ. ಅಮೆರಿಕದ ಸ್ಯಾಮ್ಯುಯೆಲ್ ಲೆವಿನ್ ಎಂಬ ಹೃದ್ರೋಗ ತಜ್ಞನ ಹೆಸರಿನಲ್ಲಿ ಆ ಭಂಗಿಗೆ ಲೆವಿನ್ ಚಿಹ್ನೆ ಎಂದೇ ಹೆಸರು. ‘ನೋವಲ್ಲ ಡಾಕ್ಟ್ರೇ, ಕಲ್ಲು ಹೇರಿದ ಹಾಗೆ’ ಎಂಬ ಮಾತು ವೈದ್ಯರನ್ನು ಎಚ್ಚರಿಸುತ್ತದೆ. ಅದೇ, ಒಂದು ಬೆರಳಿಟ್ಟು ‘ಇಲ್ಲೇ’ ಎಂದು ತೋರಿಸಿ, ಒತ್ತಿದರೆ ಹೆಚ್ಚುವ ನೋವು ಬಹುಮಟ್ಟಿಗೆ ಪಕ್ಕೆಲುಬಿನ ಮೃದ್ವಸ್ಥಿಯದ್ದೋ ಸ್ನಾಯುವಿನದ್ದೋ ಆಗಿರುತ್ತದೆ. ‘ಬಹುಮಟ್ಟಿಗೆ’ ಎಂಬ ಪದ ಇಲ್ಲಿ ಅಲಂಕಾರಕ್ಕಿಲ್ಲ. ಒತ್ತಿದರೆ ನೋಯುವ ಎದೆಯೊಳಗೂ ಹೃದಯಾಘಾತ ನಡೆದದ್ದುಂಟು.

ಉಸಿರೆಳೆದಾಗ ಚುಚ್ಚುವ ನೋವು ಶ್ವಾಸಕೋಶದ ಹೊದಿಕೆಯ ಕಡೆ ಬೊಟ್ಟುಮಾಡುತ್ತದೆ. ಜ್ವರ, ಕೆಮ್ಮು ಇದ್ದರೆ ನ್ಯುಮೋನಿಯ ಇರಬಹುದು. ಎತ್ತರದ ತೆಳ್ಳನೆಯ ಹುಡುಗನಿಗೆ ಥಟ್ಟನೆ ಬಂದರೆ ಶ್ವಾಸಕೋಶದಿಂದ ಗಾಳಿ ಸೋರಿರಬಹುದು. ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದವರಿಗೆ, ಕಾಲು ಊದಿಕೊಂಡವರಿಗೆ ಬಂದರೆ ಕಾಲಿನ ನಾಳದ ಹೆಪ್ಪು ಶ್ವಾಸಕೋಶಕ್ಕೆ ಏರಿದೆಯೇ ಎಂದು ತುರ್ತಾಗಿ ನೋಡಬೇಕು. ಮಲಗಿದರೆ ಹೆಚ್ಚಿ, ಮುಂದೆ ಬಾಗಿ ಕೂತರೆ ತಗ್ಗುವ ನೋವು ಹೃದಯದ ಹೊರಚೀಲದ ಉರಿಯೂತದ್ದಾಗಿರಬಹುದು. ಎದೆಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಉರಿದು, ನಾಲ್ಕು ದಿನದ ಮೇಲೆ ಗುಳ್ಳೆ ಎದ್ದಾಗಲೇ ಸರ್ಪಸುತ್ತು ತನ್ನ ಗುರುತು ಹೇಳುವುದೂ ಉಂಟು. ಇವೆಲ್ಲಕ್ಕಿಂತ ಅಪರೂಪದ್ದು, ಭೀಕರವಾದದ್ದು ಮಹಾಧಮನಿಯ ಒಳಪದರ ಹರಿಯುವುದು. ಮೊದಲ ಕ್ಷಣದಲ್ಲೇ ತುತ್ತತುದಿಗೆ ಏರಿ ಬೆನ್ನಿಗೆ ಸೀಳಿಕೊಂಡು ಹೋಗುವ ಆ ನೋವಿಗೆ ಹೃದಯಾಘಾತದ ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಪ್ರಾಣಕ್ಕೇ ಕುತ್ತು.

ಮಾತ್ರೆಗೆ ನೋವು ಬಗ್ಗಿದ್ದರಿಂದ ಏನನ್ನೂ ತೀರ್ಮಾನಿಸಲಾಗದು. ಆಮ್ಲ ಕುಗ್ಗಿಸುವ ಔಷಧ ಕುಡಿದಾಗಲೇ ಅಂಜೈನಾ ತಾನಾಗಿ ಇಳಿದಿರಬಹುದು. ನಾಲಿಗೆಯಡಿ ಇಡುವ ಹೃದಯದ ಮಾತ್ರೆಗೆ ಅನ್ನನಾಳದ ಸೆಳೆತವೂ ಸಡಿಲುತ್ತದೆ.

ಹೆದರಿಕೆಯ ಕಥೆ ಇನ್ನೊಂದು ದಿಕ್ಕಿನದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ಬಳಿಕ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗೆಂದು ಜನ ಮುಗಿಬಿದ್ದರು. 2025ರ ಬೇಸಿಗೆ ಕಳೆದ ಮೇಲೆ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗಲೂ ಅದೇ ದೃಶ್ಯ. ಸರ್ಕಾರ ನೇಮಿಸಿದ ಸಮಿತಿ 24 ಸಾವುಗಳನ್ನು ಪರಿಶೀಲಿಸಿದಾಗ ನಾಲ್ಕಕ್ಕೆ ಹೃದಯ ಕಾರಣವೇ ಆಗಿರಲಿಲ್ಲ; ಅವುಗಳಲ್ಲಿ ರಸ್ತೆ ಅಪಘಾತವೂ ವಿದ್ಯುತ್ ಆಘಾತವೂ ಇದ್ದವು. ಆತಂಕದ ದಾಳಿಯಲ್ಲೂ ಎದೆ ಬಿಗಿಯುತ್ತದೆ, ಬೆವರುತ್ತದೆ, ಕೈ ಜೋಮು ಹಿಡಿಯುತ್ತದೆ. ಅದು ನಾಟಕವಲ್ಲ, ಆದರೆ ಹೃದಯ ಚೆನ್ನಾಗಿದೆಯೆಂದು ಖಚಿತವಾದ ಮೇಲಷ್ಟೇ ಆ ಹೆಸರು ಕೊಡಬೇಕು.

ಖಚಿತಪಡಿಸಲು ಬೇಕಾದದ್ದು ಇಸಿಜಿ, ಅದೂ ಆಸ್ಪತ್ರೆಯ ಬಾಗಿಲು ದಾಟಿದ ಹತ್ತು ನಿಮಿಷದೊಳಗೆ. ಹಳ್ಳಿಗಳಲ್ಲಿ ಯಂತ್ರ ಸಿಕ್ಕರೂ ಅದರ ಗೆರೆ ಓದುವವರು ಸಿಗುವುದಿಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಇದಕ್ಕೆ ಕಂಡುಕೊಂಡ ದಾರಿ ತೀರಾ ಸರಳ: ಹಳ್ಳಿಯ ಕ್ಲಿನಿಕ್ಕುಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿಯ ವೈದ್ಯರು ಗೆರೆಗಳ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ತಜ್ಞರು ಅಲ್ಲೇ ಓದಿ ಹೇಳುವುದು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ಜಾಡಿನದು. ಅದರಡಿ ತಾಲ್ಲೂಕು ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ. ಮೊದಲ ಗಂಟೆಯಲ್ಲಿ ಆ ಮದ್ದು ಉಳಿಸುವಷ್ಟು ಹೃದಯದ ಸ್ನಾಯುವನ್ನು ಆರನೇ ಗಂಟೆಯಲ್ಲಿ ಉಳಿಸಲಾರದು.

‘ಇಸಿಜಿ ನಾರ್ಮಲ್ ಬಂತು’ ಎಂದು ಎದ್ದು ಬರುವವರೂ ಇದ್ದಾರೆ. ಒಂದೇ ಇಸಿಜಿ ಸುಳ್ಳು ಹೇಳಬಹುದು. ಸ್ನಾಯು ಪೆಟ್ಟು ತಿಂದಾಗ ರಕ್ತಕ್ಕೆ ಸೋರುವ ಟ್ರೋಪೊನಿನ್ ಕೂಡ ಕೆಲವು ಗಂಟೆ ಕಳೆದ ಮೇಲೆಯೇ ಸ್ಪಷ್ಟವಾಗಿ ಏರುವುದು. ಅದಕ್ಕೇ ವೈದ್ಯರು ಕಾಯಿಸಿ ಮತ್ತೊಮ್ಮೆ ಪರೀಕ್ಷಿಸುತ್ತಾರೆ.

ಕೆಲವು ನಿಮಿಷವಾದರೂ ಬಿಡದ ಎದೆಭಾರ ಇದ್ದರೆ, ಅದರಲ್ಲೂ ಜೊತೆಗೆ ತಣ್ಣನೆ ಬೆವರು ಇದ್ದರೆ, 108ಕ್ಕೆ ಕರೆ ಮಾಡಬೇಕು. ರೋಗಿ ತಾನೇ ಬೈಕು ಏರಬಾರದು, ಮೆಟ್ಟಿಲು ಇಳಿಯಲು ಅವಸರಿಸಬಾರದು. ಆಸ್ಪಿರಿನ್ ಜಗಿಯಬೇಕೇ ಬೇಡವೇ ಎಂಬುದನ್ನು ವೈದ್ಯರೇ ಹೇಳಲಿ, ನೋವು ಬೆನ್ನಿಗೆ ಸೀಳುತ್ತಿದ್ದರಂತೂ ಮನೆಯಲ್ಲಿ ಮುಟ್ಟಲೇಬಾರದು. ಹೊರಡುವಾಗ ಹಳೆಯ ಇಸಿಜಿ ಇದ್ದರೆ ಜೊತೆಗೊಯ್ಯಬೇಕು. ಇಂದಿನ ಗೆರೆ ಹೊಸದೋ ಹಳೆಯದೋ ಎಂದು ತಿಳಿಯಲು ವೈದ್ಯರು ಮೊದಲು ಕೇಳುವುದು ಅದನ್ನೇ. ಆ ಕಾಗದ ಬಸ್ ಟಿಕೆಟ್ಟಿನಂಥದ್ದು, ಬೀರುವಿನಲ್ಲಿಟ್ಟರೂ ವರ್ಷಗಳಲ್ಲಿ ಗೆರೆ ಮಾಸಿಹೋಗುತ್ತದೆ. ಬಂದ ದಿನವೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟಿದ್ದರೆ ಸಾಕು.