ದಿನಚರಿಯಲ್ಲಿ ಏನು ಬರೆಯುವುದು?

ಮಕ್ಕಳೇ, ‘ಎದ್ದೆ, ಉಂಡೆ, ಮಲಗಿದೆ’ ಎಂದು ದಿನಚರಿ ಬರೆದರೆ ಮೂರೇ ದಿನಕ್ಕೆ ಬೇಸರ, ಅಲ್ಲವೇ? ಅಮೆರಿಕದ ಕಾಂಕರ್ಡ್ ಊರಿನ ಲೇಖಕ ಹೆನ್ರಿ ಡೇವಿಡ್ ಥೋರೋ ಊರ ಸುತ್ತ ನಡೆದಾಡಿ, ಯಾವ ಗಿಡ ಯಾವ ದಿನ ಮೊದಲ ಹೂ ಬಿಟ್ಟಿತೆಂದು 1852ರಿಂದ 1858ರವರೆಗೆ ಬರೆದಿಟ್ಟರು. ಸುಮಾರು 150 ವರ್ಷಗಳ ನಂತರ ವಿಜ್ಞಾನಿಗಳು ಅಲ್ಲಿನ ಹೂಗಳನ್ನು ಮತ್ತೆ ಗಮನಿಸಿ ಹೋಲಿಸಿದರು. ಅವು ಸರಾಸರಿ ಒಂದು ವಾರ ಮೊದಲೇ ಅರಳುತ್ತಿದ್ದವು! ಊರಿನ ಹವೆ ಬೆಚ್ಚಗಾಗಿತ್ತು. ಥೋರೋ ತಾರೀಖು ಹಾಕಿರದಿದ್ದರೆ ಈ ಹೋಲಿಕೆ ಸಾಧ್ಯವೇ ಇರಲಿಲ್ಲ.

ನೀವೂ ಶಾಲೆಯ ಅಂಗಳದ ಒಂದು ಮರ ಆರಿಸಿಕೊಳ್ಳಿ. ಹೊಂಗೆಯೋ ಬೇವೋ, ಯಾವುದಾದರೂ ಸರಿ. ಹಳೆ ನೋಟ್‌ಬುಕ್ಕಿನ ಉಳಿದ ಹಾಳೆ ಸಾಕು. ತಾರೀಖು ಹಾಕಿ, ಕಂಡದ್ದನ್ನಷ್ಟೇ ಬರೆಯಿರಿ: ಚಿಗುರು, ಮೊಗ್ಗು, ಇರುವೆ ಸಾಲು, ಗೂಡು. ಏನೂ ಬದಲಾಗದ ದಿನ ‘ಬದಲಾವಣೆ ಇಲ್ಲ’ ಎನ್ನಿ, ಅದೂ ಮಾಹಿತಿಯೇ. ಮೊದಲ ಹೂ ಕಂಡ ದಿನದ ಕೆಳಗೆ ಗೆರೆ ಎಳೆಯಿರಿ. ಮುಂದಿನ ವರ್ಷ ಹೋಲಿಸಲು ಬೇಕಾಗುತ್ತದೆ.