ವರುಷ ಒಂದು, ಹೆಸರು ಹಲವು



ಹಳೆಯ ಶಾಸನಗಳಲ್ಲಿ ಒಂದು ಕಡೆ ಶಕವರ್ಷ, ಇನ್ನೊಂದು ಕಡೆ ಕಲಿವರ್ಷ, ಮತ್ತೊಂದು ಕಡೆ ಬರಿಯ ಸಂವತ್ಸರದ ಹೆಸರು ಕಾಣುತ್ತದೆ. ಇವುಗಳಲ್ಲಿ ನಿಜವಾವುದು ಎಂದು ಭಕ್ತರು ಕೇಳುವುದುಂಟು.

ಇದಕ್ಕೆ ಐಹೊಳೆಯ ಕಲ್ಲೇ ಉತ್ತರ ಹೇಳುತ್ತದೆ. ಅಲ್ಲಿನ ಮೇಗುಟಿ ಜಿನಾಲಯದ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯ ಕಾಲದ ಶಾಸನವಿದೆ. ಅದನ್ನು ರಚಿಸಿದವನು ರವಿಕೀರ್ತಿ. ಗುಡಿ ಕಟ್ಟಿಸಿದ ವರುಷವನ್ನು ಆತನು ಎರಡು ಬಗೆಯಾಗಿ ಎಣಿಸಿದ್ದಾನೆ. ಭಾರತ ಯುದ್ಧದಿಂದ ಎಣಿಸಿದರೆ 3735. ಶಕರಾಜರ ಲೆಕ್ಕದಲ್ಲಿ 556. ಎರಡರ ನಡುವೆ 3179ರ ಅಂತರವಿದೆ. ಆದರೆ ವರುಷ ಒಂದೇ. ಎಣಿಕೆಯನ್ನು ಆರಂಭಿಸಿದ ಸ್ಥಳ ಮಾತ್ರ ಬೇರೆ.

ಶಕಕ್ಕೆ 78 ಕೂಡಿಸಿದರೆ ಕ್ರಿಸ್ತಶಕ 634 ಆಗುತ್ತದೆ. ನಮ್ಮ ವರುಷ ಯುಗಾದಿಗೆ ಮೊದಲಾಗುವುದರಿಂದ ಅದರ ಕಡೆಯ ತಿಂಗಳುಗಳು 635ಕ್ಕೆ ಸೇರುತ್ತವೆ. ಆದುದರಿಂದಲೇ ವಿದ್ವಾಂಸರು 634-35 ಎಂದು ಬರೆಯುತ್ತಾರೆ. ಹಿಜರಿ ಲೆಕ್ಕದಲ್ಲಿ ಅದರ ಬಹುಭಾಗ 13ನೆಯ ವರುಷಕ್ಕೆ ಬೀಳುತ್ತದೆ.

ಇನ್ನೊಂದು ಸೂಕ್ಷ್ಮವುಂಟು. 556 ಎಂಬುದು ಕಳೆದ ವರುಷಗಳ ಎಣಿಕೆ. ಮಗುವಿಗೆ ಐದು ತುಂಬಿತು ಎಂದು ತಾಯಿ ಹೇಳುತ್ತಾಳೆ, ಆರು ನಡೆಯುತ್ತಿದೆ ಎಂದು ಅಜ್ಜಿ ಹೇಳುತ್ತಾಳೆ. ಇಬ್ಬರದೂ ಸುಳ್ಳಲ್ಲ. ಶಾಸನಗಳ ಕಾಲದಲ್ಲಿ ಒಂದು ವರುಷದ ವ್ಯತ್ಯಾಸ ಬರುವುದು ಹಲವು ವೇಳೆ ಹೀಗೆಯೇ.

ಈಗ ಸಂವತ್ಸರದ ಮಾತು. ನಮ್ಮ ಈಗಿನ ಪಂಚಾಂಗದ ಅರವತ್ತರ ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ ಆ ವರುಷಕ್ಕೆ 'ಜಯ' ಎಂಬ ಹೆಸರು ಬರುತ್ತದೆ. ಅದೇ ಜಯ 2014ರ ಯುಗಾದಿಗೂ ಬಂದಿತ್ತು. ನಡುವೆ ಇಪ್ಪತ್ತಮೂರು ಸುತ್ತು ಕಳೆದಿದ್ದವು. ಆದುದರಿಂದ ಬರಿಯ ಹೆಸರಿನಿಂದ ಕಾಲ ನಿರ್ಣಯವಾಗದು. ಅಂಕಿಯೋ ಅರಸನ ಹೆಸರೋ ಜೊತೆಗಿರಬೇಕು.

ಅರಸರೂ ಕಾಲಕ್ಕೆ ತಮ್ಮ ಹೆಸರಿಟ್ಟರು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಶಕವರ್ಷವನ್ನು ಬದಿಗಿರಿಸಿ ಚಾಲುಕ್ಯ ವಿಕ್ರಮವರ್ಷವನ್ನು ಆರಂಭಿಸಿದನು. ಆತನ ಶಾಸನಗಳು ಉಳಿದಿವೆ. ಆ ಎಣಿಕೆ ಉಳಿಯಲಿಲ್ಲ. ಸೂರ್ಯಚಂದ್ರರು ಎಂದಿನಂತೆ ನಡೆದೇ ಇದ್ದಾರೆ.

ಸಂವತ್ಸರ ಒಳ್ಳೆಯದಿಲ್ಲವೆಂದು ಮಗಳ ಮದುವೆಯನ್ನು ಮುಂದೂಡುವವರನ್ನು, ಕೈಗೆತ್ತಿಕೊಂಡ ಕಾಯಕವನ್ನು ನಿಲ್ಲಿಸುವವರನ್ನು ನಾವು ಇಂದಿಗೂ ಕಾಣುತ್ತೇವೆ. ಶರಣರು ದಿನಗಳಲ್ಲಿ ಮೇಲುಕೀಳನ್ನು ಎಣಿಸಲಿಲ್ಲ. ಹೆಸರಿಟ್ಟವರು ಮನುಷ್ಯರೆಂದು ಅರಿತ ಮೇಲೆ ಹೆಸರಿಗೆ ಅಂಜುವುದೇಕೆ? ಚರಿತ್ರೆಯನ್ನು ತಿಳಿಯಲು ಎಣಿಕೆ ಬೇಕು, ಅದನ್ನು ಕಲಿಯೋಣ. ಸತ್ಕಾರ್ಯಕ್ಕೆ ಮಾತ್ರ ಪಂಚಾಂಗದ ಅಪ್ಪಣೆಯನ್ನು ಕಾಯದಿರೋಣ.