ವಾಯಿದೆ ಮುಗಿಯಿತು, ಅಪ್ಪಣೆ ಬರಲಿಲ್ಲ

ಅಮೆರಿಕದಲ್ಲಿರುವ ಮಗನಿಂದ ಒಂದು ದಿನ ಟೆಲಿಫೋನು ಬರುತ್ತದೆ: “ಅಪ್ಪಾ, ವಾಯಿದೆ ಮುಗಿದು ಹದಿನೈದು ದಿನವಾಯಿತು. ಹೊಸ ಅಪ್ಪಣೆ ಇನ್ನೂ ಬಂದಿಲ್ಲ. ಆದರೂ ಕೆಲಸಕ್ಕೆ ಹೋಗುತ್ತಿದ್ದೇನೆ.” ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತು ಇದನ್ನು ಕೇಳಿದ ತಂದೆಗೆ ಆ ರಾತ್ರಿ ನಿದ್ದೆ ಬಾರದು. ಪರದೇಶದಲ್ಲಿ ಅಪ್ಪಣೆಯಿಲ್ಲದೆ ದುಡಿಯುವುದೆಂದರೇನು! ತಮ್ಮ ಮನೆಗೂ ಇಂಥ ಸುದ್ದಿ ಬಂದಿದ್ದರೆ, ಗಾಬರಿಯಾಗುವ ಮೊದಲು ಅಲ್ಲಿನ ಕಾನೂನು ಏನು ಹೇಳುತ್ತದೆಂಬುದನ್ನು ತಿಳಿಯುವುದು ಒಳ್ಳೆಯದು.

ನಮ್ಮ ಎಂಜಿನಿಯರುಗಳಲ್ಲಿ ಬಹುಮಂದಿ ಅಲ್ಲಿರುವುದು ಎಚ್-1ಬಿ ಎಂಬ ವರ್ಗದಲ್ಲಿ. 1990ರ ಶಾಸನದಿಂದ ಬಂದದ್ದು ಇದು. ಒಮ್ಮೆಗೆ ಹೆಚ್ಚೆಂದರೆ ಮೂರು ವರ್ಷ, ಸಾಮಾನ್ಯವಾಗಿ ಒಟ್ಟು ಆರು ವರ್ಷ. ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾ ಬಾಗಿಲು ದಾಟಲು ಮಾತ್ರ. ಒಳಗೆ ಎಲ್ಲಿಯವರೆಗೆ ಇರಬಹುದೆಂದು ಹೇಳುವುದು ಐ-94 ಎಂಬ ಬೇರೊಂದು ದಾಖಲೆ. ಪಾಸ್‌ಪೋರ್ಟಿನ ಅವಧಿ ಮೊದಲೇ ಮುಗಿಯುವಂತಿದ್ದರೆ ಗಡಿಯ ಅಧಿಕಾರಿ ಐ-94ರ ತಾರೀಖನ್ನೂ ಅಷ್ಟಕ್ಕೇ ಮೊಟಕುಮಾಡುವುದುಂಟು. ಇದನ್ನು ಗಮನಿಸದೆ ಪೇಚಿಗೆ ಸಿಕ್ಕಿದವರಿದ್ದಾರೆ.

ಮುಂದುವರಿಕೆಗೆ ಅರ್ಜಿ ಹಾಕಬೇಕಾದವನು ನೌಕರನಲ್ಲ, ಅವನ ಯಜಮಾನ. ಐ-129 ಎಂಬ ಆ ಅರ್ಜಿಯನ್ನು ಆರು ತಿಂಗಳು ಮುಂಚಿನಿಂದಲೇ ಸಲ್ಲಿಸಬಹುದು. ಐ-94 ಮುಗಿಯುವುದರೊಳಗೆ ಅದು ಸರ್ಕಾರದ ಕಚೇರಿಯನ್ನು ಸೇರಿದ್ದರೆ, ಉತ್ತರ ಬರುವವರೆಗೆ, ಆದರೆ 240 ದಿನ ಮೀರದಂತೆ, ಅದೇ ಯಜಮಾನನ ಬಳಿ ಕೆಲಸ ಮುಂದುವರಿಸಲು ನಿಯಮವೇ ಅಪ್ಪಣೆ ಕೊಡುತ್ತದೆ. ಮಾರ್ಚ್ 31ಕ್ಕೆ ವಾಯಿದೆ ಮುಗಿದವನು ನವೆಂಬರ್ ಕೊನೆಯ ವಾರದವರೆಗೆ ದುಡಿಯಬಹುದು. ಮಗ ಕಳ್ಳತನದಿಂದ ಕೆಲಸ ಮಾಡುತ್ತಿಲ್ಲ. ಆದ್ದರಿಂದ ತಾವು ಕೇಳಬೇಕಾದ ಪ್ರಶ್ನೆ ಒಂದೇ: ಐ-797 ರಸೀತಿಯ ಮೇಲೆ ಅರ್ಜಿ ತಲುಪಿದ ತಾರೀಖು ಯಾವುದು? ಅದು ವಾಯಿದೆಗಿಂತ ಒಂದು ದಿನ ಈಚಿನದಾದರೂ ಈ ಸೌಲಭ್ಯವಿಲ್ಲ.

240 ದಿನ ಕಳೆದರೂ ಉತ್ತರ ಬಾರದಿದ್ದರೆ ಕೆಲಸ ನಿಲ್ಲಿಸಬೇಕು; ಅರ್ಜಿ ಇತ್ಯರ್ಥವಾಗುವವರೆಗೆ ಅಲ್ಲಿ ಇರಬಹುದು, ಸಂಬಳ ಮಾತ್ರ ಇಲ್ಲ. ಇದನ್ನು ತಪ್ಪಿಸಲೆಂದೇ ಹೆಚ್ಚಿನ ಶುಲ್ಕ ತೆತ್ತು 15 ಕೆಲಸದ ದಿನಗಳೊಳಗೆ ಉತ್ತರ ಪಡೆಯುವ ಏರ್ಪಾಡಿದೆ.

ನಿಜವಾದ ಅಪಾಯವಿರುವುದು ಅರ್ಜಿ ತಿರಸ್ಕಾರವಾದಾಗ. 240 ದಿನದಲ್ಲಿ ನೂರೇ ಕಳೆದಿರಲಿ, ತಿರಸ್ಕಾರವಾದ ಕೂಡಲೆ ಕೆಲಸದ ಹಕ್ಕು ಹೋಯಿತು. ಹಳೆಯ ವಾಯಿದೆಯೂ ಮುಗಿದಿದ್ದರೆ ಮರುದಿನದಿಂದಲೇ ಅಕ್ರಮ ವಾಸದ ಲೆಕ್ಕ ಶುರು. ಅದು 180 ದಿನ ಮೀರಿದ ಮೇಲೆ ಹೊರಟರೆ ಮೂರು ವರ್ಷ, ಒಂದು ವರ್ಷ ತುಂಬಿದರೆ ಹತ್ತು ವರ್ಷ, ಆ ದೇಶಕ್ಕೆ ಮರಳುವ ದಾರಿ ಮುಚ್ಚುತ್ತದೆ. ಅಪೀಲು ಹಾಕಿದ್ದೇವೆ, ನೋಡೋಣ ಎಂದು ಕೂರುವ ಸಂದರ್ಭ ಅದಲ್ಲ; ಅಂದೇ ವಕೀಲರನ್ನು ಕಾಣಬೇಕು.

ಸೊಸೆಯ ವಿಷಯ ಬೇರೆ. ಎಚ್-4 ಪತ್ನಿಯರಲ್ಲಿ ಕೆಲವರಿಗೆ 2015ರಿಂದ ಕೆಲಸದ ಕಾರ್ಡು ದೊರೆಯುತ್ತಿದೆ. ನವೀಕರಣದ ಅರ್ಜಿ ಬಾಕಿಯಿರುವಾಗ ಹಳೆಯ ಕಾರ್ಡು ತಾನಾಗಿ 540 ದಿನದವರೆಗೆ ನಡೆಯುತ್ತಿದ್ದ ಕಾಲವೊಂದಿತ್ತು. 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ಅರ್ಜಿಗಳಿಗೆ ಆ ರಿಯಾಯಿತಿಯನ್ನು ತೆಗೆದುಹಾಕಲಾಯಿತು. ಹೀಗಾಗಿ ಒಂದೇ ಮನೆಯಲ್ಲಿ ಗಂಡ ಕೆಲಸಕ್ಕೆ ಹೋಗುತ್ತಿರುವಾಗ ಹೆಂಡತಿ, ಕಾರ್ಡಿನ ತಾರೀಖು ಮುಗಿದ ತಪ್ಪಿಗೆ, ಮನೆಯಲ್ಲಿ ಕೂರಬೇಕಾದೀತು. ಇದರಲ್ಲಿ ನ್ಯಾಯ ಕಾಣದಿದ್ದರೂ ನಿಯಮ ಹಾಗಿದೆ.

ಇನ್ನೊಂದು ಮಾತು ತಮಗೇ ಸಂಬಂಧಿಸಿದ್ದು. ಅರ್ಜಿ ಬಾಕಿಯಿರುವಾಗ ತಂಗಿಯ ಮದುವೆಗೆ ಬಾ ಎಂದು ಮಗನನ್ನು ಕರೆಯುವ ಮುನ್ನ ಯೋಚಿಸಿ. ಈ 240 ದಿನದ ಅನುಕೂಲ ಆ ದೇಶದ ಒಳಗಿರುವವನಿಗೆ. ಹೊರಬಂದವನು ಮರಳಲು ಮಂಜೂರಾದ ಅರ್ಜಿ ಬೇಕು, ಪಾಸ್‌ಪೋರ್ಟಿನ ವೀಸಾ ಮುಗಿದಿದ್ದರೆ ಚೆನ್ನೈನಲ್ಲೋ ಹೈದರಾಬಾದಿನಲ್ಲೋ ಕಾನ್ಸುಲೇಟಿನ ಮುಂದೆ ಮತ್ತೆ ನಿಲ್ಲಬೇಕು. ಮುಹೂರ್ತ ಇಟ್ಟಾಗಿದ್ದರೆ ಅವನ ವಕೀಲರನ್ನು ಕೇಳಿಯೇ ಟಿಕೆಟು ಕೊಳ್ಳಲಿ.